ಟಿವಿ ಡ್ರಾಮಾಗಳಲ್ಲಿ ಡ್ರಗ್ಸ್ ಚಟ: ಬಿಟ್ಟ ಮೇಲಿನ ಕಥೆ ಯಾಕೆ ಕಾಣುವುದಿಲ್ಲ?

ತುಂಗಾತೀರ

ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಸ್ಪಾಯ್ಲರ್ ಇವೆ. ‘ದಿ ವೈರ್’, ‘ಯೂಫೋರಿಯಾ’, ‘ಡೋಪ್‌ಸಿಕ್’ ಮೂರರ ಬಗ್ಗೆಯೂ ಮಾತು ಬರುತ್ತದೆ. ನೋಡದೇ ಇರುವವರು ನೋಡಿಕೊಂಡು ಬನ್ನಿ.

ನನ್ನ ತಕರಾರು ಇಷ್ಟೇ. ಡ್ರಗ್ಸ್ ಬಗ್ಗೆ ಸರಣಿ ಮಾಡುವವರು ಒಬ್ಬ ಮನುಷ್ಯ ಹಾಳಾಗುವುದನ್ನು ಇಂಚಿಂಚಾಗಿ ತೋರಿಸುತ್ತಾರೆ. ಮೊದಲ ಸಲ ತಗೊಂಡಾಗಿನ ಮುಖ, ಸೂಜಿ, ಕಳ್ಳತನ, ಅಮ್ಮನ ಜೊತೆ ಜಗಳ, ಓವರ್‌ಡೋಸ್, ಆಂಬ್ಯುಲೆನ್ಸ್. ಆಮೇಲೆ ಒಂದೋ ಸಾವು, ಇಲ್ಲವೇ ರಿಹ್ಯಾಬ್ ಗೇಟಿನ ಮುಂದೆ ಕಾರು ನಿಲ್ಲುತ್ತದೆ. ಮುಂದಿನ ದೃಶ್ಯದಲ್ಲಿ ಆರು ತಿಂಗಳು ಕಳೆದಿರುತ್ತದೆ. ಆ ಆರು ತಿಂಗಳಲ್ಲಿ ಏನಾಯಿತು ಅನ್ನುವುದೇ ನಿಜವಾದ ಕಥೆ. ಅದನ್ನೇ ಕತ್ತರಿಸಿ ಎಸೆಯುತ್ತಾರೆ.

ಇದಕ್ಕೆ ದೊಡ್ಡ ಅಪವಾದ ಎಂದರೆ ‘ದಿ ವೈರ್’ನ ಬಬಲ್ಸ್. 2002ರಿಂದ 2008ರವರೆಗೆ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಬಂದ ಸರಣಿ, ಬಾಲ್ಟಿಮೋರ್ ನಗರದ ಕಥೆ. ಬರೆದ ಡೇವಿಡ್ ಸೈಮನ್ ಅದೇ ಊರಿನ ಪತ್ರಿಕೆಯಲ್ಲಿ ಕ್ರೈಮ್ ವರದಿಗಾರರಾಗಿದ್ದವರು. ಜೊತೆಗಿದ್ದ ಎಡ್ ಬರ್ನ್ಸ್ ಅಲ್ಲಿ ಪೊಲೀಸ್ ಡಿಟೆಕ್ಟಿವ್ ಆಗಿ, ಆಮೇಲೆ ಸ್ಕೂಲ್ ಮೇಷ್ಟ್ರಾಗಿ ಕೆಲಸ ಮಾಡಿದವರು. ಹಾಗಾಗಿ ಇಬ್ಬರಿಗೂ ಆ ಬೀದಿಗಳು ಗೊತ್ತು.

ಬಬಲ್ಸ್ ಹೆರಾಯಿನ್ ಚಟದವನು, ಪೊಲೀಸರಿಗೆ ಸುಳಿವು ಕೊಡುವವನು. ಮೊದಲ ಸೀಸನ್‌ನಲ್ಲೇ ಒಮ್ಮೆ ಬಿಡಲು ನೋಡುತ್ತಾನೆ, ಆಗುವುದಿಲ್ಲ. ತಳ್ಳುಗಾಡಿ ಇಟ್ಟುಕೊಂಡು ಬೀದಿಯಲ್ಲಿ ವ್ಯಾಪಾರ ಮಾಡುತ್ತಾನೆ. ತಾನು ಜೊತೆಗಿಟ್ಟುಕೊಂಡಿದ್ದ ಹುಡುಗ ಸತ್ತಾಗ ಪೂರ್ತಿ ಕುಸಿಯುತ್ತಾನೆ. ಐದನೇ ಸೀಸನ್‌ನಲ್ಲಿ ಬಿಟ್ಟಿದ್ದಾನೆ. ಅಕ್ಕನ ಮನೆಯ ನೆಲಮಾಳಿಗೆಯಲ್ಲಿ ಇದ್ದಾನೆ. ಆದರೆ ನೆಲಮಾಳಿಗೆಯಿಂದ ಮನೆಯೊಳಗೆ ಹೋಗುವ ಬಾಗಿಲಿಗೆ ಅಕ್ಕ ಬೀಗ ಹಾಕಿರುತ್ತಾಳೆ. ತಮ್ಮ ಡ್ರಗ್ಸ್ ಬಿಟ್ಟಿದ್ದಾನೆ ಎಂದು ಅವಳಿಗೆ ಗೊತ್ತು. ಆದರೂ ಬೀಗ ತೆಗೆಯುವುದಿಲ್ಲ, ಅಷ್ಟು ಸಲ ಕದ್ದಿದ್ದಾನೆ. ಅಕ್ಕ ಕೆಟ್ಟವಳು ಅಂತ ಒಂದು ಸಲವೂ ಅನ್ನಿಸುವುದಿಲ್ಲ. ಬಬಲ್ಸ್ ಕೂಡ ಹಾಗೆ ಅಂದುಕೊಳ್ಳುವುದಿಲ್ಲ. ಕೊನೆಯ ಎಪಿಸೋಡ್‌ನಲ್ಲಿ ಮೆಟ್ಟಿಲು ಹತ್ತಿ ಬಂದು ಊಟದ ಟೇಬಲ್‌ಗೆ ಕೂರುತ್ತಾನೆ. ಮಾತಿಲ್ಲ, ಕೆಲವೇ ಸೆಕೆಂಡು. ಐದು ಸೀಸನ್ ನೋಡಿದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಇಂಥದ್ದು ಬೇರೆ ಯಾವ ಸರಣಿಯಲ್ಲಿ ನೋಡಿದ್ದೀರಿ? ಕನ್ನಡದ್ದಾಗಲಿ, ಹೊರಗಿನದ್ದಾಗಲಿ, ಹೇಳಿ.

ಹಾಸನ ಪ್ಯಾಸೆಂಜರ್

‘ದಿ ವೈರ್’ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಸಿಟ್ಟು ಇರುವುದು ‘ಯೂಫೋರಿಯಾ’ ಮೇಲೆ. ಅಷ್ಟು ಚೆಂದದ ಲೈಟಿಂಗ್, ನೇರಳೆ ಬಣ್ಣ, ಕಣ್ಣಿನ ಕೆಳಗೆ ಮಿಂಚು ಹಚ್ಚಿಕೊಂಡ ಹುಡುಗಿಯರು, ಹಿನ್ನೆಲೆಯಲ್ಲಿ ಆ ಸಂಗೀತ. ನನ್ನ ತಂಗಿಯ ಹಾಸ್ಟೆಲ್‌ನಲ್ಲಿ ಪಾರ್ಟಿಗೆ ಎಲ್ಲರೂ ಅದೇ ಮೇಕಪ್ ಮಾಡಿಕೊಂಡಿದ್ದರು. ಡ್ರಗ್ಸ್ ತಗೊಂಡರು ಅಂತ ನಾನು ಹೇಳುತ್ತಿಲ್ಲ. ಆದರೆ ಹದಿನೇಳು ವರ್ಷದ ಹುಡುಗಿಯ ಚಟದ ಕಥೆಯಿಂದ ಮಕ್ಕಳ ತಲೆಯಲ್ಲಿ ಉಳಿದದ್ದು ಮೇಕಪ್ ಅಂದರೆ ಎಲ್ಲೋ ಎಡವಟ್ಟಾಗಿದೆ ಅಲ್ವಾ?

ಅಮೆರಿಕದಲ್ಲೂ ಈ ಗಲಾಟೆ ಆಗಿತ್ತು. 2022ರ ಜನವರಿಯಲ್ಲಿ ಎರಡನೇ ಸೀಸನ್ ಬಂದಾಗ ‘ಡೇರ್’ ಎಂಬ ಸಂಸ್ಥೆ, ಅಂದರೆ ಶಾಲೆಗಳಲ್ಲಿ ಡ್ರಗ್ಸ್ ವಿರುದ್ಧ ಪಾಠ ಮಾಡುವವರು, ಈ ಸರಣಿ ಚಟವನ್ನು ವೈಭವೀಕರಿಸುತ್ತದೆ ಎಂದು ಹೇಳಿಕೆ ಕೊಟ್ಟಿದ್ದರು. ಆ ಹುಡುಗಿಯ ಪಾತ್ರ ಮಾಡಿದ ನಟಿ ಜೆಂಡಾಯಾ ಸ್ವತಃ ಸೀಸನ್ ಶುರುವಾಗುವ ಮೊದಲು ಇದು ದೊಡ್ಡವರಿಗೆ ಮಾತ್ರ, ನೋಡಲು ಕಷ್ಟವಾಗಬಹುದು ಎಂದು ಎಚ್ಚರಿಸಿದ್ದಳು. ಎಚ್ಚರಿಕೆ ಕೊಟ್ಟರೆ ಮುಗಿಯಿತಾ? ನೋಡುವ ಕಣ್ಣಿಗೆ ಹಬ್ಬ ಮಾಡಿಸಿ, ಆಮೇಲೆ ಇದು ತಪ್ಪು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ನೈಟ್ ಡ್ಯೂಟಿ

ನಾನು ನರ್ಸ್. ಕೆಲವು ವರ್ಷ ಡಿ-ಅಡಿಕ್ಷನ್ ವಾರ್ಡ್‌ನಲ್ಲಿ, ಈಗ ಎಮರ್ಜೆನ್ಸಿಯಲ್ಲಿ. ನನಗೆ ಕಥೆಗಿಂತ ಒಳಗಿನ ವೈದ್ಯಕೀಯ ತಪ್ಪುಗಳೇ ಜಾಸ್ತಿ ಕಾಡುತ್ತವೆ. ಯಾಕೆಂದರೆ ಮನೆಯವರು ಕಲಿಯುವುದು ಅಲ್ಲಿಂದಲೇ.

ಓವರ್‌ಡೋಸ್ ಅಂದರೆ ಟಿವಿಯಲ್ಲಿ ಕೈಕಾಲು ಒದ್ದಾಡುತ್ತವೆ, ಬಾಯಲ್ಲಿ ನೊರೆ, ಯಾರೋ ಕೆನ್ನೆಗೆ ಹೊಡೆಯುತ್ತಾರೆ, ತಣ್ಣೀರು ಸುರಿಯುತ್ತಾರೆ. ಹೆರಾಯಿನ್ ಅಥವಾ ಅದೇ ಜಾತಿಯ ಮಾತ್ರೆಗಳ ಓವರ್‌ಡೋಸ್ ಬಹುತೇಕ ಸದ್ದಿಲ್ಲದೆ ಆಗುತ್ತದೆ. ಮಲಗಿದ ಹಾಗೆ ಇರುತ್ತಾರೆ. ಉಸಿರು ನಿಧಾನವಾಗುತ್ತಾ ಹೋಗುತ್ತದೆ, ಗೊರಕೆಯ ಥರ ಒಂದು ಸದ್ದು ಬರಬಹುದು. ತುಟಿ, ಉಗುರು ನೀಲಿಯಾಗುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತದೆ. ಪಕ್ಕದ ಕೋಣೆಯಲ್ಲಿದ್ದವರು ‘ಪಾಪ ಮಲಗಿದ್ದಾನೆ’ ಅಂದುಕೊಂಡು ಸುಮ್ಮನಿರುತ್ತಾರೆ. ಕೆನ್ನೆಗೆ ಹೊಡೆದರೆ, ನೀರು ಹಾಕಿದರೆ ಏನೂ ಆಗುವುದಿಲ್ಲ. ಬೇಕಾದದ್ದು ಉಸಿರು ಮತ್ತು ನಲಾಕ್ಸೋನ್ ಎಂಬ ಔಷಧಿ. ಅದನ್ನು ಸ್ನಾಯುವಿಗೋ ನರಕ್ಕೋ ಕೊಡುತ್ತಾರೆ, ಮೂಗಿಗೆ ಬಿಡುವ ಸ್ಪ್ರೇ ಕೂಡ ಇದೆ. ಎದೆಗೆ ಸೂಜಿ ಚುಚ್ಚುವುದು ಪೂರ್ತಿ ಕಟ್ಟುಕಥೆ. ಇನ್ನೊಂದು ವಿಷಯ, ನಲಾಕ್ಸೋನ್ ಕೊಟ್ಟು ಎದ್ದು ಕೂತವರನ್ನು ಮನೆಗೆ ಕಳಿಸುವ ಹಾಗಿಲ್ಲ. ಔಷಧಿಯ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ, ಮತ್ತೆ ಉಸಿರು ನಿಲ್ಲಬಹುದು.

ವಿತ್‌ಡ್ರಾವಲ್, ಅಂದರೆ ಚಟ ನಿಲ್ಲಿಸಿದಾಗ ದೇಹ ಒದ್ದಾಡುವುದು, ಆ ವಿಷಯದಲ್ಲಂತೂ ಟಿವಿ ಪೂರ್ತಿ ತಲೆಕೆಳಗು. ಹೆರಾಯಿನ್ ಬಿಟ್ಟಾಗ ಬೆವರು, ವಾಂತಿ, ಭೇದಿ, ಮೈಯೆಲ್ಲಾ ನೋವು. ನರಕಯಾತನೆ, ನಿಜ. ಆದರೆ ಅದರಿಂದ ಜೀವ ಹೋಗುವುದು ಅಪರೂಪ. ಟಿವಿಯವರು ಅದನ್ನು ಒಂದು ಗಂಟೆ ತೋರಿಸುತ್ತಾರೆ. ಜೀವ ತೆಗೆಯುವುದು ಕುಡಿತವನ್ನು ದಿಢೀರ್ ಅಂತ ನಿಲ್ಲಿಸುವುದು. ಅದನ್ನು ಎಲ್ಲೂ ತೋರಿಸುವುದಿಲ್ಲ. ನಮ್ಮ ಕಡೆ ನವೆಂಬರ್, ಡಿಸೆಂಬರ್ ಬಂತೆಂದರೆ ಮಾಲೆ ಹಾಕಿದವರು ಬರುತ್ತಾರೆ. ವರ್ಷವಿಡೀ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದವರು ಅಯ್ಯಪ್ಪನ ವ್ರತಕ್ಕೆ ಒಂದೇ ದಿನದಲ್ಲಿ ನಿಲ್ಲಿಸಿರುತ್ತಾರೆ. ಮೊದಲ ಒಂದೆರಡು ದಿನದಲ್ಲಿ ಫಿಟ್ಸ್. ಎರಡು, ಮೂರು ದಿನಕ್ಕೆ ಗೋಡೆ ಮೇಲೆ ಹುಳ ಹರಿಯುತ್ತಿವೆ ಅನ್ನುತ್ತಾರೆ, ಇಲ್ಲದ ದಾರವನ್ನು ಗಾಳಿಯಲ್ಲಿ ಎಳೆಯುತ್ತಾರೆ, ಹೆಂಡತಿಯ ಗುರುತು ಸಿಗುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಮೊದಲು ಮಂತ್ರವಾದಿಯ ಹತ್ತಿರ ಹೋಗಿ ಬಂದಿರುತ್ತಾರೆ. ವ್ರತ ತಪ್ಪಲ್ಲ, ಬಿಡಬೇಕೆಂಬ ಆ ಮನಸ್ಸು ದೊಡ್ಡದು. ಆದರೆ ದಿನವೂ ಕುಡಿಯುವವರು ಡಾಕ್ಟರನ್ನು ಕಂಡು, ಮಾತ್ರೆಯ ಆಸರೆಯಲ್ಲಿ ಬಿಡಬೇಕು. ಒಂದೇ ಒಂದು ಕನ್ನಡ ಸೀರಿಯಲ್ ಇದನ್ನು ಹತ್ತು ನಿಮಿಷ ತೋರಿಸಿದರೆ ಎಷ್ಟು ಜೀವ ಉಳಿಯುತ್ತಿತ್ತು.

ತುಂಗಾತೀರ

ಸಿಸ್ಟರ್, ಇದಕ್ಕೇ ಈ ಚರ್ಚೆ ಶುರು ಮಾಡಿದ್ದು. ಗಾಳಿಯಲ್ಲಿ ದಾರ ಎಳೆಯುವುದು ಯಾವ ಬರಹಗಾರರ ಕಲ್ಪನೆಗೂ ಸುಲಭಕ್ಕೆ ಬರುವಂಥದ್ದಲ್ಲ.

‘ಬ್ರೇಕಿಂಗ್ ಬ್ಯಾಡ್’ ಸರಣಿಯಲ್ಲಿ ಹೆರಾಯಿನ್ ತಗೊಂಡು ಮಲಗಿದ ಜೇನ್ ಎಂಬ ಹುಡುಗಿ ಸಾಯುವ ದೃಶ್ಯ ಹೇಗೆ? ಅದು ಸರಿ ಇದೆಯಾ?

ನೈಟ್ ಡ್ಯೂಟಿ

ಅದು ಸರಿ ಇದೆ, ಅದಕ್ಕೇ ನೋಡಲು ಆಗುವುದಿಲ್ಲ. ಪಕ್ಕಕ್ಕೆ ತಿರುಗಿ ಮಲಗಿದ್ದವಳು ಅಂಗಾತ ಆಗುತ್ತಾಳೆ, ವಾಂತಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಥಾನಾಯಕ ವಾಲ್ಟರ್ ಎರಡು ಹೆಜ್ಜೆ ದೂರದಲ್ಲಿ ನಿಂತಿರುತ್ತಾನೆ. ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿದ್ದರೆ ಸಾಕಿತ್ತು. ಪ್ರಜ್ಞೆ ತಪ್ಪಿದವರನ್ನು ಮಗ್ಗುಲಿಗೆ ಮಲಗಿಸಿ, ಅಂಗಾತ ಬಿಡಬೇಡಿ ಎಂದು ನಾವು ಮನೆಯವರಿಗೆ ಬಾಯಿ ನೋಯುವಷ್ಟು ಹೇಳುತ್ತೇವೆ. ಆ ಒಂದು ದೃಶ್ಯ ನೋಡಿದವರು ಅದನ್ನು ಮರೆಯುವುದಿಲ್ಲ.

ಓಹಾಯೋ ಕನ್ನಡಿಗ

ನಾನು ಅಮೆರಿಕದ ಓಹಾಯೋದಲ್ಲಿದ್ದೇನೆ. ‘ಡೋಪ್‌ಸಿಕ್’ ಬಗ್ಗೆ ಯಾರೂ ಬರೆದಿಲ್ಲ ಅಂತ ನಾನೇ ಬರೆಯುತ್ತಿದ್ದೇನೆ. 2021ರಲ್ಲಿ ಹುಲು ಎಂಬ ಓಟಿಟಿಯಲ್ಲಿ ಬಂತು. ಬೆತ್ ಮೇಸಿ ಎಂಬ ಪತ್ರಕರ್ತೆಯ ಪುಸ್ತಕದ ಮೇಲೆ ಕಟ್ಟಿದ ಕಥೆ, ಎಂಟೇ ಎಪಿಸೋಡ್.

ಇದರಲ್ಲಿ ಕತ್ತಲೆ ಗಲ್ಲಿ ಇಲ್ಲ, ಸೂಜಿ ಹಿಡಿದ ಗೆಳೆಯರೂ ಶುರುವಿನಲ್ಲಿ ಇಲ್ಲ. ವರ್ಜೀನಿಯಾದ ಒಂದು ಗಣಿ ಊರು (ಕಾಲ್ಪನಿಕ). ಬೆಟ್ಸಿ ಎಂಬ ಹುಡುಗಿಗೆ ಗಣಿಯಲ್ಲಿ ಬೆನ್ನಿಗೆ ಏಟಾಗುತ್ತದೆ. ಊರಿನವರೆಲ್ಲ ನಂಬುವ ಡಾಕ್ಟರ್ ಫಿನ್ನಿಕ್ಸ್ (ಮೈಕಲ್ ಕೀಟನ್) ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಬರೆದುಕೊಡುತ್ತಾನೆ. ಕಂಪನಿಯ ಸೇಲ್ಸ್ ಹುಡುಗ ಬಂದು ಇದರಿಂದ ಚಟ ಹತ್ತುವುದು ನೂರರಲ್ಲಿ ಒಬ್ಬರಿಗೂ ಕಡಿಮೆ ಎಂದು ಹೇಳಿ ಹೋಗಿರುತ್ತಾನೆ. ನೋವು ಮತ್ತೆ ಬಂದರೆ? ಡೋಸ್ ದುಪ್ಪಟ್ಟು ಮಾಡಿ. ಮತ್ತೆ ಬಂದರೆ? ಮತ್ತೆ ದುಪ್ಪಟ್ಟು. ಒಬ್ಬ ಒಳ್ಳೆಯ ಡಾಕ್ಟರ್, ಒಬ್ಬ ಒಳ್ಳೆಯ ಹುಡುಗಿ, ಮಧ್ಯೆ ಒಂದು ಚೀಟಿ. ಆಮೇಲೆ ಆ ಡಾಕ್ಟರಿಗೇ ಆಕ್ಸಿಡೆಂಟ್ ಆಗಿ, ಅದೇ ಮಾತ್ರೆಯ ಚಟ ಹತ್ತುತ್ತದೆ.

ಆ ‘ನೂರಕ್ಕೆ ಒಂದಕ್ಕಿಂತ ಕಡಿಮೆ’ ಎನ್ನುವುದು ಎಲ್ಲಿಂದ ಬಂತು ಎಂದು ಸರಣಿಯಲ್ಲಿ ವಕೀಲರು ಹುಡುಕುತ್ತಾ ಹೋಗುತ್ತಾರೆ. ಅದು ನಿಜವಾಗಿ ನಡೆದದ್ದು. 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಐದೇ ವಾಕ್ಯದ ಒಂದು ಪತ್ರ ಅಚ್ಚಾಗಿತ್ತು. ಸಂಶೋಧನೆಯಲ್ಲ, ಸಂಪಾದಕರಿಗೆ ಬರೆದ ಪತ್ರ. ಆಸ್ಪತ್ರೆಯಲ್ಲಿ ದಾಖಲಾಗಿ ಇಂಥ ನೋವಿನ ಔಷಧಿ ಪಡೆದ 11,882 ರೋಗಿಗಳಲ್ಲಿ ನಾಲ್ವರಿಗೆ ಮಾತ್ರ ಚಟ ಕಂಡಿತು ಎಂದು. ಅವರು ಆಸ್ಪತ್ರೆಯೊಳಗೆ, ದಾದಿಯರ ಕಣ್ಣೆದುರಿಗೆ ಔಷಧಿ ತಗೊಂಡವರು. ತಿಂಗಳುಗಟ್ಟಲೆ ಮನೆಯಲ್ಲಿ ಮಾತ್ರೆ ನುಂಗುವವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಪತ್ರ ಹಿಡಿದುಕೊಂಡು ದೇಶಕ್ಕೇ ಮಾತ್ರೆ ಮಾರಿದರು. ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಅದನ್ನು ಮಾಡುವ ಪರ್ಡ್ಯೂ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರಿಗೂ ಮಿಕ್ಕಿ ದಂಡ ಕಟ್ಟಿತು. ಮೂವರು ದೊಡ್ಡ ಅಧಿಕಾರಿಗಳೂ ತಪ್ಪೊಪ್ಪಿಕೊಂಡರು. ಒಬ್ಬರೂ ಜೈಲಿಗೆ ಹೋಗಲಿಲ್ಲ.

ಅದರ ಫಲ ಇಲ್ಲಿ ಇವತ್ತಿಗೂ ಕಾಣುತ್ತದೆ. ಮಾತ್ರೆಯಿಂದ ಹೆರಾಯಿನ್, ಹೆರಾಯಿನ್‌ನಿಂದ ಅದೇ ಜಾತಿಯ, ಇನ್ನೂ ತೀಕ್ಷ್ಣವಾದ ಫೆಂಟನಿಲ್. 2021ರಿಂದ 2023ರವರೆಗೆ ಈ ದೇಶದಲ್ಲಿ ಓವರ್‌ಡೋಸ್‌ನಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸಿಸ್ಟರ್ ಹೇಳಿದ ನಲಾಕ್ಸೋನ್ ಸ್ಪ್ರೇಯನ್ನು 2023ರಿಂದ ಡಾಕ್ಟರ್ ಚೀಟಿ ಇಲ್ಲದೆ ಅಂಗಡಿಯಲ್ಲಿ ಮಾರಲು ಅನುಮತಿ ಕೊಟ್ಟಿದ್ದಾರೆ. ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಲೈಬ್ರರಿಯಲ್ಲೂ ಗೋಡೆಗೆ ಅದರ ಪೆಟ್ಟಿಗೆ ಇದೆ.

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೂ ಇದೆ. ಬೆಟ್ಸಿ ಉಳಿಯುವುದಿಲ್ಲ. ಆದರೆ ಫಿನ್ನಿಕ್ಸ್ ಉಳಿಯುತ್ತಾನೆ, ಅದೂ ಬ್ಯುಪ್ರೆನಾರ್ಫಿನ್ ಎಂಬ, ಚಟದ ತುಡಿತ ತಗ್ಗಿಸುವ ಔಷಧಿಯ ಚಿಕಿತ್ಸೆಯಿಂದ. ಆಮೇಲೆ ಊರಿನ ಬೇರೆಯವರನ್ನೂ ಅದೇ ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತಾನೆ. ಮನೋಬಲದಿಂದ ಬಿಟ್ಟ ಅಂತ ತೋರಿಸದೆ, ಔಷಧಿ ತಗೊಂಡು ಬಿಟ್ಟ ಅಂತ ತೋರಿಸಿದ ಸರಣಿ ನಾನು ನೋಡಿದ್ದರಲ್ಲಿ ಇದೊಂದೇ.

ಮೂರನೇ ಡ್ರಾಫ್ಟ್

ನಾನು ಕನ್ನಡ ಸೀರಿಯಲ್‌ಗಳಿಗೆ ಸಂಭಾಷಣೆ ಬರೆಯುತ್ತೇನೆ. ಯಾವ ಚಾನೆಲ್, ಯಾವ ಸೀರಿಯಲ್ ಬೇಡ. ನಿಮ್ಮ ಮಾತು ಒಪ್ಪುತ್ತೇನೆ, ಆದರೆ ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

‘ದಿ ವೈರ್’ ಐದು ಸೀಸನ್ ಸೇರಿ 60 ಎಪಿಸೋಡ್. ನಮ್ಮದು ವಾರಕ್ಕೆ ಐದೋ ಆರೋ. ಇವತ್ತು ಬರೆದ ಸೀನ್ ಕೆಲವೇ ದಿನದಲ್ಲಿ ಶೂಟ್ ಆಗುತ್ತದೆ. ಗುರುವಾರ ಟಿಆರ್‌ಪಿ ಬರುತ್ತದೆ, ಶುಕ್ರವಾರ ಕಥೆ ಬದಲಾಗುತ್ತದೆ. ಅದರಲ್ಲಿ ಕುಡುಕನ ಪಾತ್ರ ಎರಡೇ ಥರ ನಿಲ್ಲುತ್ತದೆ. ಒಂದು, ಹೆಂಡತಿಗೆ ಹೊಡೆಯುವ ಗಂಡ. ಇನ್ನೊಂದು, ತೂರಾಡಿಕೊಂಡು ಬಂದು ನಗಿಸುವ ಮಾವ. ಮೊದಲನೆಯವನು ದೇವರ ಮುಂದೆ ಆಣೆ ಇಟ್ಟರೆ ಒಂದೇ ಎಪಿಸೋಡ್‌ನಲ್ಲಿ ಬದಲಾಗುತ್ತಾನೆ. ಎರಡನೆಯವನು ಬದಲಾಗುವುದೇ ಬೇಡ. ‘ಅವನಿಗೆ ಕಾಯಿಲೆ ಇದೆ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಆರು ವಾರ ಅದೇ ಟ್ರ್ಯಾಕ್ ಇಡೋಣ’ ಎಂದು ಒಮ್ಮೆ ಹೇಳಿ ನೋಡಿದೆ. ಆಸ್ಪತ್ರೆ ಅಂದರೆ ಜನ ಚಾನೆಲ್ ಬದಲಾಯಿಸುತ್ತಾರೆ ಎಂಬ ಉತ್ತರ ಬಂತು.

ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ ನೋಡಿ, ‘ಆರೋಗ್ಯಕ್ಕೆ ಹಾನಿಕರ’ ಅಂತ. ತಂಬಾಕಿನ ಎಚ್ಚರಿಕೆ ಸಿನಿಮಾ, ಟಿವಿಗೆ 2012ರಿಂದ ಕಡ್ಡಾಯ ಇದೆ, 2023ರ ಸೆಪ್ಟೆಂಬರ್‌ನಿಂದ ಓಟಿಟಿಗೂ ಬಂತು. ಆ ಸಾಲು ಹಾಕಿದ ಮೇಲೆ ತಮ್ಮ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಪಾತ್ರ ಹೇಗೆ ಬಿಡಬೇಕು, ಯಾರ ಹತ್ತಿರ ಹೋಗಬೇಕು ಅಂತ ಕೇಳುವವರು ಯಾರೂ ಇಲ್ಲ.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಚೇತರಿಕೆಯಲ್ಲಿ ನಾಟಕೀಯತೆ ಕಡಿಮೆ. ದಿನಾ ಬೆಳಿಗ್ಗೆ ಮಾತ್ರೆ, ವಾರಕ್ಕೊಂದು ಕೌನ್ಸೆಲಿಂಗ್. ಅದನ್ನು ಕಥೆ ಮಾಡುವುದು ಕಷ್ಟ.

ತುಂಗಾತೀರ

ಕಷ್ಟ ನಿಜ. ಆದರೆ ನಾಟಕೀಯತೆ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಾಸನದವರು ಬೈದ ‘ಯೂಫೋರಿಯಾ’ವನ್ನೇ ತೆಗೆದುಕೊಳ್ಳಿ. ಮಿಂಚು, ಪಾರ್ಟಿ ಬಗ್ಗೆ ಅವರು ಹೇಳಿದ್ದು ಸರಿ. ಆದರೆ 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಸಮಯದಲ್ಲಿ, ಒಂದು ವಿಶೇಷ ಎಪಿಸೋಡ್ ಬಂತು. ಕ್ರಿಸ್‌ಮಸ್ ಹಿಂದಿನ ರಾತ್ರಿ. ಒಂದು ಸಣ್ಣ ಹೋಟೆಲ್. ಹುಡುಗಿ ರೂ, ಅವಳ ಎದುರಿಗೆ ಅಲಿ, ಚಟ ಬಿಟ್ಟು ವರ್ಷಗಳಾದ ನಡುವಯಸ್ಸಿನವನು. ಹೆಚ್ಚುಕಡಿಮೆ ಒಂದು ಗಂಟೆ ಇಬ್ಬರೂ ಪ್ಯಾನ್‌ಕೇಕ್ ತಿನ್ನುತ್ತಾ ಮಾತಾಡುತ್ತಾರೆ. ಅಷ್ಟೇ. ರೂ ಆಗಲೂ ನಶೆಯಲ್ಲೇ ಇದ್ದಾಳೆ. ಎಲ್ಲಾ ಹತೋಟಿಯಲ್ಲಿದೆ ಅನ್ನುತ್ತಾಳೆ. ಅಲಿಗೆ ಗೊತ್ತಾಗುತ್ತದೆ. ಬೈಯುವುದಿಲ್ಲ, ಎದ್ದೂ ಹೋಗುವುದಿಲ್ಲ. ನಡುವೆ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡುತ್ತಾನೆ. ಎಷ್ಟೋ ವರ್ಷದ ಕೋಪ ಮನಸ್ಸಲ್ಲಿ ಇಟ್ಟುಕೊಂಡಿರುವ ಮಗಳು, ಹಬ್ಬಕ್ಕೆ ಶುಭಾಶಯ ಹೇಳಲೂ ತಡವರಿಸುವ ಅಪ್ಪ. ಆ ಎಪಿಸೋಡ್‌ನಲ್ಲಿ ಒಂದು ಗುಂಡು ಹಾರುವುದಿಲ್ಲ, ಒಬ್ಬರೂ ಸಾಯುವುದಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆ.

ಎರಡನೇ ಸೀಸನ್‌ನಲ್ಲಿ ರೂ ಊರೆಲ್ಲಾ ಓಡುವ ಎಪಿಸೋಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಾದ ಮೇಲೆ ಬರುವ ಒಂದು ಸಣ್ಣ ದೃಶ್ಯ ನನಗೆ ಇನ್ನೂ ದೊಡ್ಡದು. ಅವಳ ತಾಯಿ ಫೋನ್ ಹಿಡಿದು ಚಿಕಿತ್ಸಾ ಕೇಂದ್ರದವರ ಹತ್ತಿರ ಗೋಗರೆಯುತ್ತಾಳೆ, ಜಾಗ ಇಲ್ಲ ಎಂದು ಅವರು ಹೇಳುತ್ತಾರೆ. ಮಗಳು ಒಪ್ಪಿದ ದಿನವೇ ಬೆಡ್ ಇಲ್ಲ! ಇದಕ್ಕಿಂತ ನಾಟಕೀಯ ಸನ್ನಿವೇಶ ಯಾವುದು ಬೇಕು, ಡ್ರಾಫ್ಟ್ ಅವರೇ? ನಮ್ಮ ಊರಲ್ಲಿ ಬೆಡ್‌ಗೆ ಓಡಾಡಿದವರಿಗೆ ಆ ಫೋನ್ ಮಾತು ಅರ್ಥವಾಗಲು ಸಬ್‌ಟೈಟಲ್ಲೇ ಬೇಡ.

ಕುಂದಾ ಬೆಳಗಾವಿ

ಎಲ್ಲರೂ ಛಲೋ ಬರದೀರಿ. ನಾನು ಬೇರೆ ಒಂದು ವಿಷಯ ತೆಗೆಯುತ್ತೇನೆ. ಯಾರ ಚಟಕ್ಕೆ ಕಣ್ಣೀರು, ಯಾರ ಚಟಕ್ಕೆ ಲಾಠಿ?

‘ಡೋಪ್‌ಸಿಕ್’ನಲ್ಲಿ ಬಿಳಿಯರ ಗಣಿ ಊರು. ಅಲ್ಲಿ ಚಟ ಹತ್ತಿದವರು ಸಂತ್ರಸ್ತರು, ತಪ್ಪು ಕಂಪನಿಯದು. ಅದು ಸರಿಯೇ. ಆದರೆ 1980ರ ದಶಕದಲ್ಲಿ ಕಪ್ಪು ಜನರ ಓಣಿಗಳಿಗೆ ಕ್ರ್ಯಾಕ್, ಅಂದರೆ ಹರಳಿನ ಥರದ ಸೇದುವ ಕೊಕೇನ್, ಬಂದಾಗ ಇದೇ ದೇಶ ಏನು ಮಾಡಿತು? 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ ಸಿಕ್ಕರೆ ಕನಿಷ್ಠ ಐದು ವರ್ಷ ಜೈಲು. ಅಷ್ಟೇ ಶಿಕ್ಷೆಗೆ ಪುಡಿ ಕೊಕೇನ್ ಆದರೆ 500 ಗ್ರಾಂ ಬೇಕಿತ್ತು. ಒಂದೇ ವಸ್ತು, ನೂರು ಪಟ್ಟು ವ್ಯತ್ಯಾಸ. 2010ರಲ್ಲಿ ಅದನ್ನು 18 ಪಟ್ಟಿಗೆ ಇಳಿಸಿದರು, ಸಮ ಮಾಡಲಿಲ್ಲ. ಆ ಕಾಲದ ಟಿವಿಯಲ್ಲಿ ಅವರು ಬರುತ್ತಿದ್ದದ್ದು ಕೈಕೋಳದ ಜೊತೆಗೇ.

‘ದಿ ವೈರ್’ ದೊಡ್ಡದು ಯಾಕೆಂದರೆ ಅದು ಅದೇ ಓಣಿಯ ಮನುಷ್ಯರನ್ನು ಮನುಷ್ಯರನ್ನಾಗಿ ತೋರಿಸಿತು. ಮೂರನೇ ಸೀಸನ್‌ನಲ್ಲಿ ಒಬ್ಬ ಪೊಲೀಸ್ ಮೇಜರ್ ಯಾರಿಗೂ ಹೇಳದೆ ಖಾಲಿ ಬಿದ್ದ ಓಣಿಗಳನ್ನು ಡ್ರಗ್ಸ್ ಮಾರಾಟಕ್ಕೆ ಬಿಟ್ಟುಕೊಡುತ್ತಾನೆ. ಉಳಿದ ಬಡಾವಣೆಗಳು ಶಾಂತವಾಗುತ್ತವೆ. ಆದರೆ ಬಿಟ್ಟುಕೊಟ್ಟ ಓಣಿ ನರಕವಾಗುತ್ತದೆ. ಎರಡನ್ನೂ ಮುಚ್ಚಿಡದೆ ತೋರಿಸುತ್ತಾರೆ. ಅದರಲ್ಲಿ ಆರೋಗ್ಯ ಅಧಿಕಾರಿಯ ಸಣ್ಣ ಪಾತ್ರ ಮಾಡಿದವರು ಕರ್ಟ್ ಶ್ಮೋಕ್. ಅವರು ಬಾಲ್ಟಿಮೋರ್‌ನ ನಿಜವಾದ ಮೇಯರ್ ಆಗಿದ್ದವರು. 1988ರಲ್ಲೇ ಡ್ರಗ್ಸ್ ಅನ್ನು ಅಪರಾಧವಾಗಿ ನೋಡುವುದು ಬಿಟ್ಟು ಆರೋಗ್ಯದ ಪ್ರಶ್ನೆಯಾಗಿ ನೋಡಿ ಎಂದು ವಾದಿಸಿ ಸಿಕ್ಕಾಪಟ್ಟೆ ಬೈಸಿಕೊಂಡವರು. ಬಬಲ್ಸ್‌ಗೆ ದಾರಿ ತೋರಿಸುವ ವೇಲನ್ ಪಾತ್ರ ಮಾಡಿದ ಗಾಯಕ ಸ್ಟೀವ್ ಅರ್ಲ್ ಕೂಡ ಸ್ವತಃ ಹೆರಾಯಿನ್ ಬಿಟ್ಟು ಬಂದವರು.

ನಮ್ಮಲ್ಲೂ ನೋಡಿ. 2020ರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ ಬಂದಾಗ ನ್ಯೂಸ್ ಚಾನೆಲ್‌ಗಳು ದಿನಗಟ್ಟಲೆ ಅದನ್ನೇ ಎಳೆದವು. ಯಾರ ಕಾರು, ಯಾರ ಬಟ್ಟೆ, ಯಾರು ಅತ್ತರು. ಡ್ರಗ್ಸ್ ಬಿಡಬೇಕು ಅನ್ನುವವರು ಎಲ್ಲಿಗೆ ಹೋಗಬೇಕು ಎಂದು ನಾನು ನೋಡಿದ ಯಾವ ಚರ್ಚೆಯಲ್ಲೂ ಒಂದು ನಂಬರ್ ಹಾಕಲಿಲ್ಲ.

ಹೆಸರು ಬೇಡ

ಓದುತ್ತಾ ಇದ್ದೆ. ಬರೆಯಬೇಕು ಅನ್ನಿಸಿತು.

ನಮ್ಮ ಅಣ್ಣ ಬಿಟ್ಟು ಕೆಲವು ವರ್ಷ ಆಯಿತು. ಮೊದಲು ನೋವಿನ ಮಾತ್ರೆ, ಆಮೇಲೆ ಸೂಜಿ. ಅವನು ಈ ಸರಣಿಗಳನ್ನು ನೋಡುವುದಿಲ್ಲ. ಕಥೆ ಇಷ್ಟ ಇಲ್ಲ ಅಂತಲ್ಲ. ಸೂಜಿಯನ್ನು ಹತ್ತಿರದಿಂದ ತೋರಿಸಿದರೆ ಅವನ ಮೈ ಬೆವರುತ್ತದೆ. ಬಿಟ್ಟು ಇಷ್ಟು ಕಾಲ ಆದರೂ. ಒಂದು ಸಲ ಹಾಲ್‌ನಲ್ಲಿ ನಾವು ಏನೋ ನೋಡುತ್ತಿದ್ದೆವು. ಪರದೆ ಮೇಲೆ ಚಮಚದ ಕೆಳಗೆ ಲೈಟರ್ ಹಚ್ಚುವ ದೃಶ್ಯ. ಅವನು ಎದ್ದು ಹೊರಗೆ ಹೋಗಿ ಬೈಕ್ ತೊಳೆಯಲು ಶುರು ಮಾಡಿದ. ರಾತ್ರಿ ಒಂಬತ್ತೂವರೆಗೆ. ಅಪ್ಪನೂ ಹೋಗಿ ಸುಮ್ನೆ ಪೈಪ್ ಹಿಡಿದುಕೊಂಡು ನಿಂತರು. ಇಬ್ಬರೂ ಮಾತಾಡಲಿಲ್ಲ. ಬರೆಯುವವರು, ಕ್ಯಾಮೆರಾ ಹಿಡಿಯುವವರು ಇಲ್ಲಿ ಇದ್ದರೆ ದಯವಿಟ್ಟು ಇದನ್ನು ಯೋಚಿಸಿ. ಸೂಜಿ ತೋರಿಸದೆಯೂ ಚಟ ತೋರಿಸಬಹುದು. ಮುಖ ತೋರಿಸಿ.

ಬಬಲ್ಸ್ ಅಕ್ಕನ ಬೀಗದ ಬಗ್ಗೆ ತುಂಗಾತೀರ ಬರೆದಿದ್ದು ಓದಿ ಎದೆ ಭಾರ ಆಯಿತು. ನಮ್ಮ ಮನೆಯಲ್ಲಿ ಬೀಗ ಇರಲಿಲ್ಲ. ಅಮ್ಮ ಪರ್ಸ್ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಅಣ್ಣನಿಗೆ ಅದು ಗೊತ್ತಿತ್ತು. ಅಂಗಡಿಯಿಂದ ಬಂದ ಕೂಡಲೇ ಅವನೇ ಚಿಲ್ಲರೆಯನ್ನೂ ಬಿಲ್ಲನ್ನೂ ಫ್ರಿಜ್ ಮೇಲೆ ಇಡುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ, ಅವನೇ ಇಡುತ್ತಿದ್ದ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಅಮ್ಮ ಎಟಿಎಂ ಕಾರ್ಡ್ ಅವನ ಕೈಗೇ ಕೊಟ್ಟು ದುಡ್ಡು ತೆಗೆದುಕೊಂಡು ಬಾ ಅಂದರು. ಅವನು ಹೋಗಿ ಬರುವವರೆಗೆ ನಾನೂ ಅಮ್ಮನೂ ಗೇಟಿನ ಕಡೆಗೇ ನೋಡುತ್ತಾ ಕೂತಿದ್ದೆವು.

ಮೂರನೇ ಡ್ರಾಫ್ಟ್ ಅವರೇ, ಇದರಲ್ಲಿ ನಾಟಕೀಯತೆ ಇದೆಯೋ ಇಲ್ಲವೋ ನೀವೇ ಹೇಳಿ. ಮಧ್ಯೆ ಒಂದು ಸಲ ಅವನು ಮತ್ತೆ ತಗೊಂಡ. ಎಲ್ಲಾ ಮುಗಿಯಿತು ಅಂದುಕೊಂಡೆವು. ಟಿವಿಯಲ್ಲಿ ಮತ್ತೆ ತಗೊಂಡರೆ ಅದೇ ಕೊನೆ ಅಲ್ವಾ, ಮುಂದಿನ ದೃಶ್ಯ ಶವ. ಡಾಕ್ಟರ್ ಮಾತ್ರ ಗಾಬರಿಯಾಗಲಿಲ್ಲ. ಇದು ಕಾಯಿಲೆಯ ಭಾಗ, ನಾಳೆಯೇ ಕರೆದುಕೊಂಡು ಬನ್ನಿ ಅಂದರು. ಆ ಮಾತು ನಮ್ಮನ್ನು ಉಳಿಸಿತು.

ಮೂರನೇ ಡ್ರಾಫ್ಟ್

ಇದೆ. ಚಿಲ್ಲರೆ, ಫ್ರಿಜ್, ಎಟಿಎಂ ಕಾರ್ಡ್, ಗೇಟು. ಸೆಟ್ ಇದ್ದೇ ಇದೆ, ಹೊಸ ಕಲಾವಿದರೂ ಬೇಡ. ನಿಮ್ಮ ಅನುಮತಿ ಇಲ್ಲದೆ ಒಂದಕ್ಷರ ಬಳಸುವುದಿಲ್ಲ. ಆದರೆ ಮುಂದಿನ ಸಲ ಕಥೆಗೆ ಕೂತಾಗ ಆಣೆ ಇಡಿಸುವ ಸೀನ್ ನನ್ನ ಕೈಯಲ್ಲಿ ಬರೆಸಲು ಆಗುವುದಿಲ್ಲ ಎಂದು ಹೇಳುತ್ತೇನೆ.

ಹೆಸರು ಬೇಡ

ಬಳಸಿಕೊಳ್ಳಿ. ಊರು, ಕೆಲಸ ಬದಲಾಯಿಸಿ. ಅಣ್ಣನನ್ನು ಕೇಳಿಯೇ ಬರೆದದ್ದು.

ನೈಟ್ ಡ್ಯೂಟಿ

‘ಹೆಸರು ಬೇಡ’ ಅವರ ಅಣ್ಣನ ಡಾಕ್ಟರ್ ಹೇಳಿದ್ದಕ್ಕೆ ಒಂದು ಮುಖ್ಯವಾದ ವಿಷಯ ಸೇರಿಸುತ್ತೇನೆ. ಕೆಲವು ವಾರ ಬಿಟ್ಟವರ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಮೊದಲು ತಗೊಳ್ಳುತ್ತಿದ್ದಷ್ಟೇ ತಗೊಂಡರೂ ಉಸಿರು ನಿಲ್ಲುತ್ತದೆ. ಸೆಂಟರ್‌ನಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ವಾರಗಳೇ ಎಲ್ಲಕ್ಕಿಂತ ಅಪಾಯ. ಟಿವಿಯಲ್ಲಿ ಇದನ್ನು ವಿಧಿಯ ಆಟದ ಥರ ತೋರಿಸುತ್ತಾರೆ. ವಿಧಿಯಲ್ಲ, ದೇಹದ ಲೆಕ್ಕ. ಮನೆಯವರಿಗೆ ಗೊತ್ತಿದ್ದರೆ ತಪ್ಪಿಸಬಹುದು.

ಬ್ಯುಪ್ರೆನಾರ್ಫಿನ್ ನಮ್ಮ ದೇಶದಲ್ಲೂ ಇದೆ, ನಾಲಿಗೆ ಕೆಳಗೆ ಇಡುವ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ‘ಒಂದು ಚಟ ಬಿಟ್ಟು ಇನ್ನೊಂದು ಚಟ’ ಎಂದು ಜನ ಹೀಗಳೆಯುತ್ತಾರೆ. ಸಕ್ಕರೆ ಕಾಯಿಲೆಯವರು ದಿನಾ ಇನ್ಸುಲಿನ್ ತಗೊಂಡರೆ ಯಾರೂ ಹಾಗೆ ಅನ್ನುವುದಿಲ್ಲ.

2019ರಲ್ಲಿ ಕೇಂದ್ರ ಸರ್ಕಾರದ ಸಮೀಕ್ಷೆ ಬಂತು, ಏಮ್ಸ್‌ನವರು ಮಾಡಿದ್ದು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನರ ಮನೆಯಲ್ಲೂ ಸಂಜೆ ಟಿವಿ ಹಾಕುತ್ತಾರೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮಾಡುವ ಮದ್ಯವರ್ಜನ ಶಿಬಿರ ನಿಮಗೆಲ್ಲ ಗೊತ್ತಿರಬೇಕು. ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಕೂರುತ್ತಾರೆ. ಬಿಟ್ಟವನು ಪಕ್ಕದ ಊರಿನವನನ್ನು ಮನೆವರೆಗೂ ಹೋಗಿ ಕರೆಯುತ್ತಾನೆ. ಕನ್ನಡಕ್ಕೆ ಬಬಲ್ಸ್ ಬೇಕಾದರೆ ಅಲ್ಲಿ ಹೋಗಿ ಕೂರಲಿ, ಬರೆಯುವವರು.

ಶರಾವತಿ ದಡ

ನಾನು ಹೊಸಬಳು, ಇದೇ ಮೊದಲ ಸಲ ಬರೆಯುತ್ತಿದ್ದೇನೆ. ನನ್ನ ಚಿಕ್ಕಮ್ಮನ ಮಗ ಮುಂದಿನ ವಾರ ಸೆಂಟರ್‌ನಿಂದ ಮನೆಗೆ ಬರುತ್ತಾನೆ. ಮಾತ್ರೆ, ಇಂಜೆಕ್ಷನ್ ಎರಡೂ ಇತ್ತು. ಚಿಕ್ಕಮ್ಮ ಈ ಸರಣಿಗಳಲ್ಲಿ ಒಂದನ್ನು ಅವನ ಜೊತೆ ಕೂತು ನೋಡಿದರೆ ಮಾತಿಗೆ ದಾರಿಯಾಗಬಹುದಾ ಅಂತ ಕೇಳುತ್ತಿದ್ದಾರೆ. ಯಾವುದು ತೋರಿಸಲಿ?

ಹೆಸರು ಬೇಡ

ಅಕ್ಕ, ಅವನಿಗೆ ಯಾವುದೂ ಬೇಡ, ಈಗಲೇ ಬೇಡ. ಕ್ರಿಕೆಟ್ ಹಾಕಿ. ಚಿಕ್ಕಮ್ಮ ಬೇಕಾದರೆ ‘ಡೋಪ್‌ಸಿಕ್’ ಒಬ್ಬರೇ ನೋಡಲಿ, ಅವನು ಮನೆಯಲ್ಲಿ ಇಲ್ಲದಾಗ. ಇದು ಅವನ ಕೆಟ್ಟತನ ಅಲ್ಲ ಅಂತ ಅವರಿಗೆ ಅರ್ಥವಾದರೆ ಸಾಕು, ಮಾತು ತಾನಾಗಿ ಬರುತ್ತದೆ. ನಮ್ಮಲ್ಲಿ ಬಂದದ್ದು ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುವಾಗ.

ನೈಟ್ ಡ್ಯೂಟಿ

ಇವರು ಹೇಳಿದ್ದೇ ನನ್ನ ಮಾತೂ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಭೇಟಿಯ ತಾರೀಖು ಇರುತ್ತದೆ, ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಬರೆದುಕೊಟ್ಟ ಮಾತ್ರೆ ಚಿಕ್ಕಮ್ಮನ ಹತ್ತಿರವೇ ಇರಲಿ. ಹಳೆಯ ಡೋಸ್ ಬಗ್ಗೆ ನಾನು ಮೇಲೆ ಬರೆದದ್ದನ್ನು ಅವರಿಗೆ ಓದಿ ಹೇಳಿ, ಹುಡುಗನಿಗೂ ಹೇಳಿ. ಮುಚ್ಚಿಡುವ ವಿಷಯವಲ್ಲ ಅದು. ಬಾತ್‌ರೂಮಿನ ಚಿಲಕ ಸ್ವಲ್ಪ ದಿನ ಹೊರಗಿನಿಂದಲೂ ತೆಗೆಯುವ ಹಾಗಿರಲಿ. ಚಟ ಬಿಡುವ ವಿಷಯಕ್ಕೆ ಕೇಂದ್ರ ಸರ್ಕಾರದ ಸಹಾಯವಾಣಿ 14446. ಮನಸ್ಸು ತುಂಬಾ ಕುಗ್ಗಿದರೆ ಟೆಲಿ ಮಾನಸ್ 14416, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರನ್ನು ಚಿಕ್ಕಮ್ಮನ ಫೋನಿನಲ್ಲಿ ನೀವೇ ಸೇವ್ ಮಾಡಿಕೊಟ್ಟು ಬನ್ನಿ.